ಎಂಜಿನ್ ಬೋಲ್ಟ್ ಆರಿಸುವುದು, ಹೋದ ಥ್ರೆಡ್ ಉಳಿಸಿಕೊಳ್ಳುವುದು

ಬೈಕಿನ ಎಂಜಿನ್ ಆಯಿಲ್ ಇಳಿಸುವ ಡ್ರೈನ್ ಬೋಲ್ಟ್ ಬಿಗಿಯುವಾಗ ಕೊನೆಗೆ ಸಿಗಬೇಕಾದ ಬಿಗಿ ಸಿಗದೆ ಸ್ಪಾನರ್ ಹಗುರವಾಗಿ ಸುತ್ತಿತೆಂದರೆ ಅಲ್ಲೇ ಕೈ ನಿಲ್ಲಿಸಿ. ಇನ್ನರ್ಧ ಸುತ್ತಿಗೆ ಬಿಗಿಯಾದೀತು ಎಂಬ ಆಸೆ ಬೇಡ. ಒಳಗಿನ ಅಲ್ಯೂಮಿನಿಯಂ ಥ್ರೆಡ್ (ಬೋಲ್ಟು ಕಚ್ಚುವ ತಿರುಪಿನ ಹಲ್ಲು) ಕಿತ್ತು ಬರುತ್ತಿದೆ. ಉಳಿದಿರುವ ಎರಡು ಮೂರು ಸುತ್ತೂ ಹೋದರೆ ಸುಲಭದ ರಿಪೇರಿ ಕೈತಪ್ಪುತ್ತದೆ.

ಪೇಟೆಯಿಂದ ದೂರ, ತೋಟದ ಮನೆಯಲ್ಲಿ ಸ್ವಂತ ಬೈಕಿನ ಕೆಲಸ ತಾವೇ ಮಾಡಿಕೊಳ್ಳುವವರು ಕೊಡಗಿನಲ್ಲಿ ಬಹಳ ಮಂದಿ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇಲ್ಲಿನ ಬೈಕುಗಳಿಗೆ ಥ್ರೆಡ್ ತೊಂದರೆ ಬರಲು ಇಲ್ಲಿಯದೇ ಕಾರಣಗಳೂ ಇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಂಜಿನ್ನಿನ ಕೆಳಭಾಗ ಒಣಗುವುದೇ ಅಪರೂಪ. ಉಕ್ಕಿನ ಬೋಲ್ಟ್ ಮತ್ತು ಅಲ್ಯೂಮಿನಿಯಂ ಕೇಸಿನ ನಡುವೆ ನೀರು ನಿಂತರೆ ಅಲ್ಯೂಮಿನಿಯಂ ತುಕ್ಕು ಹಿಡಿದು ಬಿಳಿ ಪುಡಿಯಾಗುತ್ತದೆ, ಬೋಲ್ಟು ಅದರೊಳಗೆ ಅಂಟಿಕೊಳ್ಳುತ್ತದೆ. ಬಿಚ್ಚುವಾಗ ಆ ಪುಡಿಯ ಜೊತೆ ಥ್ರೆಡ್ ಕೂಡ ಬರುತ್ತದೆ. ಇನ್ನೊಂದು ಕಾರಣ ಬೈಕುಗಳ ವಯಸ್ಸು. ಮೈಸೂರಿನ ಯೆಜ್ಡಿ, ಯಮಹಾ ಆರ್‌ಎಕ್ಸ್ 100 ಎರಡೂ 1996ರಲ್ಲಿ ನಿಂತುಹೋದವು. ಇಂದಿಗೂ ಓಡುತ್ತಿರುವ ಅಂಥ ಬೈಕಿನ ಆಯಿಲ್ ಬೋಲ್ಟ್ ಬಿಚ್ಚಿ ಹಾಕಿದ ಕೈಗಳು ಎಷ್ಟೋ, ಆ ತೂತಿನಲ್ಲಿ ಉಳಿದಿರುವ ಥ್ರೆಡ್ ಎಷ್ಟೋ!

ಎಂಜಿನ್ ಕೇಸಿನಲ್ಲಿ ಬಲ ಬೋಲ್ಟಿನದಲ್ಲ, ತೂತಿನದು. ಎರಕದ ಅಲ್ಯೂಮಿನಿಯಂ ಒಳ್ಳೆಯ ಬೋಲ್ಟಿನ ಉಕ್ಕಿಗಿಂತ ಅರ್ಧಕ್ಕೂ ಕಡಿಮೆ ಗಟ್ಟಿ. ಆದ್ದರಿಂದ ಬೋಲ್ಟು ಎಷ್ಟು ಗಟ್ಟಿ ಎಂದು ಹುಡುಕುವುದಕ್ಕಿಂತ ಅದು ಎಷ್ಟು ಆಳ ಕಚ್ಚಿದೆ ಎಂದು ನೋಡುವುದು ಮುಖ್ಯ. ಕೆಳಗಿನದೆಲ್ಲ ಇದರ ಮೇಲೆಯೇ ನಿಂತಿದೆ.

ಅಂಗಡಿಗೆ ಹೋಗುವ ಮೊದಲು

ಮೆಕ್ಯಾನಿಕ್‌ಗಳು ಬೋಲ್ಟನ್ನು ಸ್ಪಾನರಿನ ನಂಬರಿನಿಂದ ಕರೆಯುತ್ತಾರೆ. ‘10 ನಂಬರ್ ಬೋಲ್ಟ್’ ಎಂದರೆ 10ರ ಸ್ಪಾನರ್ ಕೂರುವ ಬೋಲ್ಟು, ಅದರ ದಪ್ಪ 6 ಮಿ.ಮೀ. ಹಾರ್ಡ್‌ವೇರ್ ಅಂಗಡಿಯಲ್ಲಿ ಅದೇ ಮಾತು ಹೇಳಿದರೆ 10 ಮಿ.ಮೀ. ದಪ್ಪದ್ದನ್ನು ಕೈಗಿಡಬಹುದು. ಜಪಾನ್ ಮೂಲದ ಬೈಕುಗಳಲ್ಲಿ 6 ಮಿ.ಮೀ. ಬೋಲ್ಟಿಗೇ ಕೆಲವೆಡೆ 8ರ ತಲೆ, ಕೆಲವೆಡೆ 10ರ ತಲೆ ಇರುತ್ತದೆ. 8 ಮಿ.ಮೀ. ಬೋಲ್ಟಿಗೆ 12ರ ತಲೆಯೂ ಇದೆ, 13ರದೂ ಇದೆ. ಹಾಗಾಗಿ ತಲೆಯ ಲೆಕ್ಕ ಬಿಟ್ಟು ಮೂರು ಅಳತೆ ಬರೆದುಕೊಳ್ಳಿ: ಥ್ರೆಡ್ಡಿನ ಹೊರದಪ್ಪ, ಪಿಚ್ (ಒಂದು ಥ್ರೆಡ್ಡಿನ ತುದಿಯಿಂದ ಮುಂದಿನದರ ತುದಿಗೆ ಇರುವ ದೂರ), ತಲೆಯ ಕೆಳಗಿನಿಂದ ತುದಿವರೆಗಿನ ಉದ್ದ.

ದಪ್ಪ, ಉದ್ದಕ್ಕೆ ವರ್ನಿಯರ್ ಕ್ಯಾಲಿಪರ್ ಸಾಕು. ಪಿಚ್‌ಗೆ ಥ್ರೆಡ್ ಗೇಜ್ ಬೇಕು, ಹೆಚ್ಚು ಬೆಲೆಯದಲ್ಲ. ಇಲ್ಲದಿದ್ದರೆ ಗೊತ್ತಿರುವ ಬೋಲ್ಟನ್ನು ಪಕ್ಕಕ್ಕಿಟ್ಟು ಹಲ್ಲಿಗೆ ಹಲ್ಲು ಕೂರಿಸಿ ಬೆಳಕಿಗೆ ಹಿಡಿಯಿರಿ, ನಡುವೆ ಬೆಳಕು ಕಾಣಿಸಬಾರದು. ಎಂಜಿನ್ನಿನ ಮೇಲೆ ಹೆಚ್ಚಾಗಿ ಸಿಗುವುದು ಎಂ6×1.0 (6 ಮಿ.ಮೀ. ದಪ್ಪ, 1.0 ಮಿ.ಮೀ. ಪಿಚ್), ಎಂ8×1.25. ಎಂ10ರಲ್ಲಿ ಎಚ್ಚರ ಬೇಕು. ಬೈಕುಗಳಲ್ಲಿ 1.25ರ ಪಿಚ್ ಸಾಮಾನ್ಯ, ಹಾರ್ಡ್‌ವೇರ್ ಅಂಗಡಿಯಲ್ಲಿ 1.5ರದು ಸಾಮಾನ್ಯ. ಕಣ್ಣಿಗೆ ಎರಡೂ ಒಂದೇ. ಎರಡು ಸುತ್ತು ಹೋಗಿ ಬಿಗಿಯಾದದ್ದನ್ನು ಸ್ಪಾನರಿನಿಂದ ಒತ್ತಾಯ ಮಾಡಿದರೆ ಥ್ರೆಡ್ ಅಲ್ಲೇ ಮುಗಿಯಿತು.

ಹೊಸ ಬೋಲ್ಟು ಯಾವುದೇ ಇರಲಿ, ಪೂರ್ತಿ ಆಳದವರೆಗೆ ಬೆರಳಿನಿಂದಲೇ ಹೋಗಬೇಕು. ಮೊದಲು ಎಡಕ್ಕೆ ತಿರುಗಿಸಿ. ಥ್ರೆಡ್ಡಿನ ಬಾಯಿ ಸಿಕ್ಕಾಗ ‘ಟಕ್’ ಎಂದು ಕೂರುತ್ತದೆ. ಆಮೇಲೆ ಬಲಕ್ಕೆ ತಿರುಗಿಸಿದರೆ ಅಡ್ಡ ಹತ್ತುವುದಿಲ್ಲ.

ಹಳೆಯ ಕಾಸ್ಟ್ ಐರನ್ ಬುಲೆಟ್ ಇಟ್ಟುಕೊಂಡವರಿಗೆ ಒಂದು ಮಾತು ಒತ್ತಿ ಹೇಳಬೇಕು. ಆ ಎಂಜಿನ್ನಿನಲ್ಲಿ ಇಂಚು ಲೆಕ್ಕದ ಬ್ರಿಟಿಷ್ ಥ್ರೆಡ್‌ಗಳಿವೆ. ಕಾಲು ಇಂಚಿನ ಬೋಲ್ಟಿನಲ್ಲಿ ಇಂಚಿಗೆ 26 ಹಲ್ಲು, ಅಂದರೆ ಪಿಚ್ ಸುಮಾರು 0.98 ಮಿ.ಮೀ. ಎಂ6ರ ಪಿಚ್ 1.0. ಇಷ್ಟು ಹತ್ತಿರ ಇರುವುದರಿಂದ ಎಂ6 ಬೋಲ್ಟು ಆ ತೂತಿಗೆ ಸರಾಗವಾಗಿ ಇಳಿಯುತ್ತದೆ, ಕೂಡಿತು ಎಂದೇ ಅನ್ನಿಸುತ್ತದೆ. ಆದರೆ ಕಾಲು ಇಂಚು ಎಂದರೆ 6.35 ಮಿ.ಮೀ. ಬೋಲ್ಟು 0.35 ಮಿ.ಮೀ. ಸಣ್ಣ, ಹಲ್ಲಿನ ತುದಿ ಮಾತ್ರ ಹಿಡಿದಿರುತ್ತದೆ. ಬಿಗಿದರೆ ಆ ತುದಿಯನ್ನು ಕೆರೆದುಕೊಂಡು ಬರುತ್ತದೆ. ಅಲ್ಲಾಡಿಸಿ ನೋಡಿ: ಅರ್ಧ ಇಳಿದ ಮೇಲೂ ಬೋಲ್ಟು ಅಕ್ಕಪಕ್ಕ ಲಟಲಟ ಎಂದರೆ ಅದು ಆ ತೂತಿನದಲ್ಲ. ತೋಟದ ಯಂತ್ರಗಳಿಂದ ಬಿಚ್ಚಿಟ್ಟ ಬೋಲ್ಟಿನ ಡಬ್ಬಿಯಲ್ಲೂ ಇಂಚಿನವು ಬೆರೆತಿರುತ್ತವೆ. 5/16 ಇಂಚಿನ ವಿಟ್‌ವರ್ತ್ ಬೋಲ್ಟು 7.94 ಮಿ.ಮೀ. ದಪ್ಪ, ವರ್ನಿಯರಿನಲ್ಲಿ ಎಂ8ರಂತೆಯೇ ಕಾಣುತ್ತದೆ. ಪಿಚ್ ಮಾತ್ರ 1.41.

ತಲೆಯ ಮೇಲಿನ ಅಂಕಿ

8.8, 10.9, 12.9 ಎಂದು ತಲೆಯ ಮೇಲೆ ಬರೆದಿರುವುದು ಬಲದ ದರ್ಜೆ. ಮೊದಲ ಅಂಕಿಯನ್ನು ನೂರರಿಂದ ಗುಣಿಸಿದರೆ ಬೋಲ್ಟು ತುಂಡಾಗುವ ಬಲ ಮೆಗಾಪ್ಯಾಸ್ಕಲ್‌ನಲ್ಲಿ (ಚದರ ಮಿ.ಮೀ.ಗೆ ಇಷ್ಟು ನ್ಯೂಟನ್) ಬರುತ್ತದೆ. 8.8ಕ್ಕೆ 800, ಚುಕ್ಕಿಯ ನಂತರದ 8 ಹೇಳುವಂತೆ ಅದರ ಶೇಕಡ 80ರಲ್ಲಿ, ಅಂದರೆ 640ರಲ್ಲಿ, ಬೋಲ್ಟು ಮತ್ತೆ ಕುಗ್ಗದಂತೆ ಎಳೆದುಕೊಳ್ಳುತ್ತದೆ. ಗುರುತೇ ಇಲ್ಲದ ಬೋಲ್ಟು ಗೇಟಿಗೆ, ಶೀಟಿಗೆ ಇರಲಿ, ಎಂಜಿನ್ನಿಗೆ ಬೇಡ.

ಕವರ್ ಬೋಲ್ಟುಗಳಿಗೆ 8.8 ಸಾಕು. 12.9ರ ಕಪ್ಪು ಅಲೆನ್ ಬೋಲ್ಟ್ ನೋಡಲು ಚೆಂದ, ಗಟ್ಟಿಯೂ ಹೌದು. ಆದರೆ ಆ ಗಟ್ಟಿತನ ಅಲ್ಯೂಮಿನಿಯಂ ತೂತಿನಲ್ಲಿ ಉಪಯೋಗಕ್ಕೆ ಬರುವುದಿಲ್ಲ. 12.9ರ ಪಟ್ಟಿಯಲ್ಲಿರುವ ಬಿಗಿತ ನೋಡಿ ಬಿಗಿದರೆ ಬೋಲ್ಟು ಉಳಿಯುತ್ತದೆ, ಕೇಸು ಹೋಗುತ್ತದೆ. ಆ ಕಪ್ಪು ಲೇಪಕ್ಕೆ ನಮ್ಮ ಒಂದು ಮಳೆಗಾಲ ದಾಟುವ ತಾಕತ್ತೂ ಇಲ್ಲ. ತುಕ್ಕು ತಡೆಯಲೆಂದು ಅದಕ್ಕೆ ಸಿಕ್ಕಲ್ಲಿ ಸತುವಿನ ಪ್ಲೇಟಿಂಗ್ ಮಾಡಿಸಬೇಡಿ. ಪ್ಲೇಟಿಂಗ್ ವೇಳೆ ಒಳಸೇರುವ ಹೈಡ್ರೋಜನ್ ಅಷ್ಟು ಗಟ್ಟಿ ಉಕ್ಕನ್ನು ಪೆಡಸು ಮಾಡುತ್ತದೆ, ಸುಮ್ಮನಿದ್ದ ಬೋಲ್ಟಿನ ತಲೆ ಒಂದು ದಿನ ಹಾರಿಹೋಗುತ್ತದೆ.

ಸ್ಟೇನ್‌ಲೆಸ್ ಬಗ್ಗೆ ನಮ್ಮಲ್ಲಿ ಬಹಳ ಒಲವು, ಮಳೆಯ ಊರಲ್ಲವೇ. ಸಾಮಾನ್ಯವಾಗಿ ಸಿಗುವ ಎ2-70 ಸ್ಟೇನ್‌ಲೆಸ್ 450 ಮೆಗಾಪ್ಯಾಸ್ಕಲ್‌ಗೇ ಎಳೆದುಕೊಳ್ಳಲು ಶುರು, ಅಂದರೆ 8.8ಕ್ಕಿಂತ ಮೆದು. ಚೈನ್ ಕವರ್, ಮಡ್‌ಗಾರ್ಡ್, ಹೊರಗಿನ ಸೈಡ್ ಕವರ್‌ಗೆ ಹಾಕಿಕೊಳ್ಳಬಹುದು, ಥ್ರೆಡ್ಡಿಗೆ ಆಂಟಿ-ಸೀಜ್ ಪೇಸ್ಟ್ (ಅಂಟಿಕೊಳ್ಳದಂತೆ ತಡೆಯುವ ಲೇಪ) ಸವರಿಯೇ ಹಾಕಬೇಕು. ಹಾಗೆಯೇ ಬಿಟ್ಟರೆ ಅದು ಹೊಳೆಯುತ್ತಾ ಇರುತ್ತದೆ, ಸುತ್ತಲಿನ ಅಲ್ಯೂಮಿನಿಯಂ ಪುಡಿಯಾಗುತ್ತದೆ. ಸಿಲಿಂಡರ್ ಹೆಡ್, ಎಂಜಿನ್ ಮೌಂಟಿಂಗ್, ಬ್ರೇಕ್ ಕ್ಯಾಲಿಪರ್, ಸ್ಪ್ರಾಕೆಟ್‌ಗಳಿಗೆ ಸ್ಟೇನ್‌ಲೆಸ್ ಬೇಡವೇ ಬೇಡ. ಅಲ್ಲೆಲ್ಲ ಕಂಪನಿಯ ಬೋಲ್ಟೇ ಇರಲಿ.

ಉದ್ದ

ಹೆಚ್ಚಿನ ಥ್ರೆಡ್ ಹೋಗುವುದು ಗಿಡ್ಡ ಬೋಲ್ಟಿನಿಂದ. ಉಕ್ಕಿನ ನಟ್ಟಿನಲ್ಲಿ ಬೋಲ್ಟಿನ ದಪ್ಪದಷ್ಟು ಕಚ್ಚಿದರೆ ಸಾಕು. ಅಲ್ಯೂಮಿನಿಯಂನಲ್ಲಿ ದಪ್ಪದ ಒಂದೂವರೆಯಿಂದ ಎರಡು ಪಟ್ಟು ಬೇಕು. ಎಂ6 ಆದರೆ 9ರಿಂದ 12 ಮಿ.ಮೀ., ಎಂ8 ಆದರೆ 12ರಿಂದ 16. ತೂತಿಗೆ ತೆಳು ಕಡ್ಡಿ ಇಳಿಸಿ ಆಳ ನೋಡಿ, ಕವರಿನ ದಪ್ಪ ಮತ್ತು ವಾಷರ್ ಸೇರಿಸಿ, ತಳದಲ್ಲಿ 2 ಮಿ.ಮೀ. ಜಾಗ ಬಿಟ್ಟು ಲೆಕ್ಕ ಹಾಕಿ. ತೀರಾ ಉದ್ದದ ಬೋಲ್ಟು ತಳಕ್ಕೆ ತಾಗಿ ನಿಲ್ಲುತ್ತದೆ. ಕೈಗೆ ಬಿಗಿ ಅನ್ನಿಸುತ್ತದೆ, ಕವರ್ ಮಾತ್ರ ಸಡಿಲವಾಗಿಯೇ ಇರುತ್ತದೆ. ತಳ ಮುಚ್ಚಿದ ತೂತಿನಲ್ಲಿ ಆಯಿಲ್ ಅಥವಾ ನೀರು ನಿಂತಿದ್ದರೆ ಇನ್ನೂ ಅಪಾಯ: ಬೋಲ್ಟು ಅದನ್ನು ಒತ್ತಿ ಕೇಸನ್ನೇ ಸೀಳಬಹುದು. ಹಳೆಯ ಇಂಜೆಕ್ಷನ್ ಸಿರಿಂಜಿನಿಂದ ಎಳೆದು ತೆಗೆದು, ಬಟ್ಟೆಯಿಂದ ಒರೆಸಿಯೇ ಬೋಲ್ಟ್ ಹಾಕಿ.

ಕ್ಲಚ್ ಕವರಿನಲ್ಲಿ ಬೇರೆ ಬೇರೆ ಉದ್ದದ ಬೋಲ್ಟುಗಳಿರುತ್ತವೆ. ಯಾವುದು ಎಲ್ಲಿಯದು ಎಂದು ಮರೆತಿದ್ದರೆ, ಕವರ್ ಕೂರಿಸಿ ಎಲ್ಲ ಬೋಲ್ಟುಗಳನ್ನು ತಿರುಗಿಸದೆ ತೂತಿಗೆ ಇಳಿಬಿಡಿ. ತಲೆಗಳು ಕವರಿನಿಂದ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ನಿಂತರೆ ಜೋಡಣೆ ಸರಿ. ಒಂದು ತಗ್ಗಿದೆ, ಇನ್ನೊಂದು ಎದ್ದಿದೆ ಎಂದರೆ ಅವೆರಡು ಅದಲುಬದಲಾಗಿವೆ.

ಎಷ್ಟು ಬಿಗಿ

ಕೇಸಿನ ಎಂ6 ಬೋಲ್ಟಿಗೆ ಸುಮಾರು 10 ನ್ಯೂಟನ್ ಮೀಟರ್, ಎಂ8ಕ್ಕೆ 20ರಿಂದ 25. ನಿಮ್ಮ ಬೈಕಿನ ಸರ್ವೀಸ್ ಮ್ಯಾನುಯಲ್ ಬೇರೆ ಹೇಳಿದರೆ ಅದೇ ಅಂತಿಮ. 10 ನ್ಯೂಟನ್ ಮೀಟರ್ ಎಂದರೆ ಸ್ಪಾನರನ್ನು ಬೋಲ್ಟಿನಿಂದ 10 ಸೆಂ.ಮೀ. ದೂರದಲ್ಲಿ ಹಿಡಿದು ಸುಮಾರು 10 ಕೆ.ಜಿ. ಬಲ ಹಾಕಿದಂತೆ. ಕಡಿಮೆ ಅನ್ನಿಸಬಹುದು. ಆದರೆ ಅಷ್ಟಕ್ಕೇ ಒಂದು ಎಂ6 ಬೋಲ್ಟು ಕವರನ್ನು ಸುಮಾರು 800 ಕೆ.ಜಿ. ತೂಕದಷ್ಟು ಬಲದಿಂದ ಒತ್ತಿ ಹಿಡಿಯುತ್ತದೆ. ಉದ್ದ ಹಿಡಿಯ ರಾಟ್ಚೆಟ್ ಹಾಕಿ ಮೈಭಾರ ಬಿಟ್ಟರೆ ಏನಾಗುತ್ತದೆ ಎಂದು ಲೆಕ್ಕ ಹಾಕಿಕೊಳ್ಳಿ.

ಹಾಕಿದ ಶ್ರಮದ ಹತ್ತರಲ್ಲಿ ಒಂಬತ್ತು ಪಾಲು ತಲೆಯ ಕೆಳಗಿನ ಮತ್ತು ಥ್ರೆಡ್ಡಿನ ಉಜ್ಜಾಟಕ್ಕೇ ಹೋಗುತ್ತದೆ, ಒಂದು ಪಾಲು ಮಾತ್ರ ಒತ್ತಿ ಹಿಡಿಯುವ ಬಲವಾಗುತ್ತದೆ. ಆದ್ದರಿಂದ ಥ್ರೆಡ್ಡಿಗೆ ಆಯಿಲ್ ಅಥವಾ ಆಂಟಿ-ಸೀಜ್ ಹಚ್ಚಿದಾಗ ಅದೇ ಟಾರ್ಕ್‌ಗೆ (ತಿರುಗಿಸುವ ಬಲಕ್ಕೆ) ಬೋಲ್ಟು ಹೆಚ್ಚು ಎಳೆಯುತ್ತದೆ. ಒಣ ಥ್ರೆಡ್ಡಿನ ಅಂಕಿಯನ್ನು ಸ್ವಲ್ಪ ಇಳಿಸಿಕೊಳ್ಳಿ. ಟಾರ್ಕ್ ರೆಂಚ್ ಕೊಳ್ಳುವುದಾದರೆ 5ರಿಂದ 25 ನ್ಯೂಟನ್ ಮೀಟರ್‌ನ ಸಣ್ಣದನ್ನೇ ಮೊದಲು ಕೊಳ್ಳಿ. ಕಾರಿನ ಚಕ್ರಕ್ಕೆ ಬಳಸುವ ದೊಡ್ಡದರಿಂದ ಎಂ6 ಬಿಗಿಯಲಾಗದು.

ಥ್ರೆಡ್ ಹೋಗಿದೆಯೇ, ಎಷ್ಟು ಹೋಗಿದೆ

ಬೋಲ್ಟನ್ನು ಹೊರಗೆಳೆದು ಅದರ ಹಲ್ಲು ನೋಡಿ. ಸುರುಳಿಯಾಗಿ ಬೆಳ್ಳಿಬಣ್ಣದ ತಂತಿ ಸುತ್ತಿಕೊಂಡಿದ್ದರೆ ಅದೇ ನಿಮ್ಮ ಥ್ರೆಡ್. ಪುಡಿ, ಮಣ್ಣು, ಹಳೆಯ ಗ್ಯಾಸ್ಕೆಟ್ ಅಂಟು ಮಾತ್ರ ಇದ್ದರೆ ತೂತು ಇನ್ನೂ ಬದುಕಿರಬಹುದು. ಟಾರ್ಚ್ ಬಿಟ್ಟು ನೋಡಿ, ಮೇಲಿನ ಸುತ್ತುಗಳು ಬೋಳಾಗಿ ಕೆಳಗಿನವು ಚೂಪಾಗಿ ಉಳಿದಿರುವುದು ಸಾಮಾನ್ಯ. ಬಿಗಿದ ಬೋಲ್ಟಿನಲ್ಲಿ ಮೊದಲ ಎರಡು ಮೂರು ಹಲ್ಲುಗಳೇ ಹೆಚ್ಚಿನ ಭಾರ ಹೊರುವುದರಿಂದ ಹೋಗುವುದೂ ಅವೇ ಮೊದಲು.

ಮಣ್ಣು ಮಾತ್ರವಾದರೆ ಅದೇ ಅಳತೆಯ ಟ್ಯಾಪನ್ನು (ತೂತಿನಲ್ಲಿ ಥ್ರೆಡ್ ಕೊಯ್ಯುವ ಸಾಧನ) ಕೈಯಿಂದ ಮೆಲ್ಲಗೆ ಓಡಿಸಿ ಶುಚಿ ಮಾಡಿ. ಟ್ಯಾಪ್ ಇಲ್ಲದಿದ್ದರೆ ಒಳ್ಳೆಯ ಬೋಲ್ಟಿನ ತುದಿಗೆ ಹ್ಯಾಕ್‌ಸಾದಿಂದ ಉದ್ದಕ್ಕೆ ಒಂದು ಗೀರು ಕೊಯ್ದು, ಅಂಚು ಉಜ್ಜಿ, ಅದನ್ನೇ ಓಡಿಸಬಹುದು. ಕಸ ಆ ಗೀರಿನಲ್ಲಿ ಕೂತು ಹೊರಬರುತ್ತದೆ.

ಕೆಳಗಿನ ಥ್ರೆಡ್ ಉಳಿದಿದ್ದು ತೂತು ಇನ್ನೂ ಆಳವಿದ್ದರೆ ಮೊದಲಿನದಕ್ಕಿಂತ 5 ಮಿ.ಮೀ. ಹೆಚ್ಚು ಉದ್ದದ ಬೋಲ್ಟು ಅಥವಾ ಸ್ಟಡ್ ಹಾಕಿ ನೋಡಿ. ಎಂ-ಸೀಲ್ ತುಂಬಿ ಬೋಲ್ಟ್ ಕೂರಿಸುವುದು, ಟೆಫ್ಲಾನ್ ಟೇಪ್ ಸುತ್ತುವುದು, ಎಂ6 ತೂತಿಗೆ ಕಾಲು ಇಂಚಿನ ಬೋಲ್ಟನ್ನು ಹೊಡೆದು ಕೂರಿಸುವುದು ಇವನ್ನೆಲ್ಲ ಬಿಟ್ಟುಬಿಡಿ. ಬಿಸಿ ಆಯಿಲ್ ಮತ್ತು ಅದುರು ಸೇರಿದರೆ ಅವು ನಿಲ್ಲುವುದಿಲ್ಲ. ಸಂಪಾಜೆ ಘಾಟಿಯಲ್ಲಿ ಡ್ರೈನ್ ಬೋಲ್ಟ್ ಬಿದ್ದು ಹಿಂದಿನ ಟಯರಿಗೆ ಆಯಿಲ್ ಚೆಲ್ಲಿದರೆ ಅಪಾಯ ಎಂಜಿನ್ನಿಗಷ್ಟೇ ಅಲ್ಲ.

ಹೆಲಿಕಾಯಿಲ್ ಹಾಕುವುದು

ಎಂ6, ಎಂ8 ತೂತುಗಳಿಗೆ ನಾನು ಹೇಳುವ ರಿಪೇರಿ ಇದೇ. ಹೆಲಿಕಾಯಿಲ್ ಎಂಬ ಸ್ಟೇನ್‌ಲೆಸ್ ತಂತಿಯ ಸುರುಳಿಯನ್ನು ದೊಡ್ಡದು ಮಾಡಿದ ತೂತಿಗೆ ಕೂರಿಸಿದರೆ ಒಳಗೆ ಮೊದಲಿನ ಅಳತೆಯ ಥ್ರೆಡ್ಡೇ ಸಿಗುತ್ತದೆ, ಕಂಪನಿಯ ಬೋಲ್ಟೇ ಕೂರುತ್ತದೆ. ಸರಿಯಾಗಿ ಹಾಕಿದರೆ ಅದು ಮೂಲ ಥ್ರೆಡ್ಡಿಗಿಂತ ಗಟ್ಟಿ, ಏಕೆಂದರೆ ಹೊರಗಿನ ಥ್ರೆಡ್ ದೊಡ್ಡದಾಗಿ ಭಾರವನ್ನು ಹೆಚ್ಚು ಅಲ್ಯೂಮಿನಿಯಂ ಹಂಚಿಕೊಳ್ಳುತ್ತದೆ. ಕಿಟ್‌ನಲ್ಲಿ ಡ್ರಿಲ್ ಬಿಟ್, ವಿಶೇಷ ಟ್ಯಾಪ್, ಕೂರಿಸುವ ಸಾಧನ, ಸುರುಳಿಗಳು ಇರುತ್ತವೆ. ಸುರುಳಿಯ ಉದ್ದ ದಪ್ಪದ ಒಂದೂವರೆ ಅಥವಾ ಎರಡು ಪಟ್ಟಿನದನ್ನು ಆರಿಸಿ.

1. ಸುತ್ತಲಿನ ಮಣ್ಣು ತೊಳೆದು ಒಣಗಿಸಿ. ತೆರೆದ ಎಂಜಿನ್ ಭಾಗಗಳಿಗೆ ಬಟ್ಟೆ ತುರುಕಿ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ.

2. ಎಂ6ಕ್ಕೆ 6.3 ಮಿ.ಮೀ. ಸುತ್ತಮುತ್ತಲಿನ ಬಿಟ್ ಬರುತ್ತದೆ, ಎಂ8ಕ್ಕೆ 8.3 ಅಥವಾ 8.4. ಕಿಟ್‌ನಲ್ಲಿ ಕೊಟ್ಟದ್ದನ್ನೇ ಬಳಸಿ. ಬೇಕಾದ ಆಳಕ್ಕೆ ಬಿಟ್ ಮೇಲೆ ಟೇಪ್ ಸುತ್ತಿ ಗುರುತು ಮಾಡಿ. ಹಳೆಯ ಥ್ರೆಡ್ಡಿನ ಉಳಿಕೆಯನ್ನಷ್ಟೇ ಕೆರೆಯಬೇಕಾದ್ದರಿಂದ ಬಿಟ್ ತಾನಾಗಿ ತೂತನ್ನು ಹಿಡಿಯುತ್ತದೆ. ನೇರ ಹಿಡಿಯುವುದೇ ಇಲ್ಲಿಯ ಕಷ್ಟದ ಕೆಲಸ. ಒಬ್ಬರು ಡ್ರಿಲ್ ಹಿಡಿದರೆ ಇನ್ನೊಬ್ಬರು ಪಕ್ಕದಿಂದ ಮೂಲೆಮಟ್ಟ ಇಟ್ಟು ನೋಡಲಿ. ಕಡಿಮೆ ವೇಗ, ಆಗಾಗ ಎರಡು ಹನಿ ಸೀಮೆಎಣ್ಣೆ.

3. ಟ್ಯಾಪಿನ ತೋಡುಗಳಿಗೆ ಗ್ರೀಸ್ ತುಂಬಿ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಮುಂದೆ ಹೋಗದಿದ್ದರೆ ಪೂರ್ತಿ ಹೊರತೆಗೆದು ಚೂರು ಒರೆಸಿ ಮತ್ತೆ ಇಳಿಸಿ. ತಳ ಮುಚ್ಚಿದ ತೂತಿನಲ್ಲಿ ತಳ ತಾಗಿದ್ದು ಕೈಗೆ ಗೊತ್ತಾಗುತ್ತದೆ, ಅಲ್ಲಿಂದ ಒತ್ತಿದರೆ ಟ್ಯಾಪ್ ಮುರಿಯುತ್ತದೆ. ಮುರಿದ ಟ್ಯಾಪ್ ತೆಗೆಯುವುದು ಹೋದ ಥ್ರೆಡ್ಡಿಗಿಂತ ಹತ್ತು ಪಟ್ಟು ಕಷ್ಟ.

4. ಗ್ರೀಸ್, ಚೂರು ಎಲ್ಲವನ್ನೂ ಪೆಟ್ರೋಲ್ ಅದ್ದಿದ ಬಟ್ಟೆಯಿಂದ ತೆಗೆದು, ಗಾಳಿ ಹೊಡೆದು, ಒಣಗಿಸಿ. ಪೆಟ್ರೋಲ್ ಬಳಸುವಾಗ ಹತ್ತಿರ ಬೆಂಕಿ ಇರಬಾರದು.

5. ಸುರುಳಿಯನ್ನು ಸಾಧನಕ್ಕೆ ಸಿಕ್ಕಿಸಿ ಕೆಳಗೆ ಒತ್ತದೆ ತಿರುಗಿಸುತ್ತಾ ಹೋಗಿ. ಒತ್ತಿದರೆ ಒಂದು ಹಲ್ಲು ಹಾರಿ ಮುಂದಿನದಕ್ಕೆ ಕೂರುತ್ತದೆ, ಆಗ ಬೋಲ್ಟ್ ಹೋಗುವುದಿಲ್ಲ. ಮೇಲ್ಮೈಯಿಂದ ಕಾಲು ಅಥವಾ ಅರ್ಧ ಸುತ್ತು ಒಳಗೆ ಇಳಿದಾಗ ನಿಲ್ಲಿಸಿ.

6. ತಳದಲ್ಲಿರುವ ಅಡ್ಡಕೊಂಡಿಯನ್ನು ಪಂಚ್‌ನಿಂದ ಒಂದು ಚುರುಕಾದ ಪೆಟ್ಟು ಕೊಟ್ಟು ಮುರಿದು ಹೊರತೆಗೆಯಿರಿ. ತೂತು ಎಂಜಿನ್ ಒಳಕ್ಕೆ ತೆರೆದಿದ್ದರೆ ಪಂಚ್ ಬೇಡ. ಚೂಪು ಮೂತಿಯ ಇಕ್ಕುಳದಿಂದ ಹಿಡಿದು ಹಿಂದೆ ಮುಂದೆ ಬಾಗಿಸಿ ಮುರಿಯಿರಿ. ಆ ಚೂರು ಗೇರಿಗೆ ಸಿಕ್ಕಬಾರದು.

ಈ ಸುರುಳಿ ಸ್ಟೇನ್‌ಲೆಸ್ ಆದ್ದರಿಂದ ಅದಕ್ಕೆ ಸ್ಟೇನ್‌ಲೆಸ್ ಬೋಲ್ಟ್ ಹಾಕಿದರೆ ಒಂದಕ್ಕೊಂದು ಅಂಟಿ ಹಿಡಿದುಕೊಳ್ಳುವ ಸಂಭವವಿದೆ. ಸತುವಿನ ಲೇಪದ 8.8 ಬೋಲ್ಟೇ ಹಾಕಿ.

ಸ್ಪಾರ್ಕ್ ಪ್ಲಗ್ ಥ್ರೆಡ್ ಹೋದಾಗ ಹೆಡ್ ಬಿಚ್ಚದೆ ಇದೇ ಕೆಲಸ ಮಾಡಲು ಕೆಲವರು ಹೊರಡುತ್ತಾರೆ. ಬೇಡ. ಎಷ್ಟು ಗ್ರೀಸ್ ಹಚ್ಚಿದರೂ ಒಂದಷ್ಟು ಚೂರು ಸಿಲಿಂಡರಿಗೆ ಬೀಳುತ್ತದೆ, ರಿಂಗ್ ಗೀರುತ್ತದೆ. ಹೆಡ್ ಬಿಚ್ಚಿಯೇ ಮಾಡಿದರೆ ಒಂದು ಗ್ಯಾಸ್ಕೆಟ್ಟಿನ ಖರ್ಚಿಗೆ ಬೋರ್ (ಸಿಲಿಂಡರಿನ ಒಳಗೋಡೆ) ಉಳಿಯುತ್ತದೆ. ಇನ್ನು ಮುರಿದು ಒಳಗುಳಿದ ಬೋಲ್ಟಿಗೆ ಮೊದಲ ಮದ್ದು ಶಾಖ. ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುವುದರಿಂದ ಟ್ಯಾಂಕ್ ಕಳಚಿಟ್ಟು ಹೀಟ್ ಗನ್ ಹಿಡಿದರೆ ಹಿಡಿತ ಸಡಿಲುತ್ತದೆ. ಸಣ್ಣ ಈಜಿ-ಔಟ್ (ಮುರಿದ ಬೋಲ್ಟಿನೊಳಗೆ ಕಚ್ಚಿಸಿ ತಿರುಗಿಸಿ ತೆಗೆಯುವ ಸಾಧನ) ಅನ್ನು ಕೊನೆಗೆ ಇಟ್ಟುಕೊಳ್ಳಿ. ಅದು ಮುರಿದರೆ ಡ್ರಿಲ್ ಕೂಡ ಹತ್ತುವುದಿಲ್ಲ.

ಡ್ರೈನ್ ತೂತು, ಲೇತ್ ಕೆಲಸ

ಆಯಿಲ್ ಬೋಲ್ಟಿನ ತೂತು ಪೂರ್ತಿ ಹೋಗಿದ್ದರೆ ಸುರುಳಿಗಿಂತ ಗಟ್ಟಿ ಬುಷ್ ನನ್ನ ಆಯ್ಕೆ, ಏಕೆಂದರೆ ಈ ಬೋಲ್ಟನ್ನು ಬೈಕು ಇರುವವರೆಗೆ ಬಿಚ್ಚಿ ಹಾಕುತ್ತಲೇ ಇರಬೇಕು. ಅಂಗಡಿಯಲ್ಲಿ ಸಿಗುವ ದೊಡ್ಡ ಅಳತೆಯ ಬೋಲ್ಟನ್ನು ತಾನೇ ಥ್ರೆಡ್ ಕೊಯ್ದುಕೊಳ್ಳುವಂತೆ ತಿರುಗಿಸಿ ಕೂರಿಸುವುದೂ ಇದೆ. ಅದು ಒಮ್ಮೆ ಕೂತರೂ ಪ್ರತಿ ಸಲ ಬಿಚ್ಚಿದಾಗ ಚೂರು ಕೆರೆಯುತ್ತದೆ, ಓರೆಯಾಗಿ ಕೂತರೆ ವಾಷರ್ ಎಂದೂ ಸೀಲ್ ಆಗುವುದಿಲ್ಲ.

ಕಾಫಿ ಪಲ್ಪರ್ ಶಾಫ್ಟ್, ಸ್ಪ್ರಿಂಕ್ಲರ್ ಪಂಪಿನ ಬುಷ್ ಕಡೆಯುವ ಟರ್ನರ್‌ಗೆ ಇದು ಸಣ್ಣ ಕೆಲಸ. ಹೂಮಳೆಗೆಂದು (ಕಾಫಿ ಹೂ ಅರಳಲು ಹಾಯಿಸುವ ನೀರು) ತೋಟಗಳಲ್ಲಿ ಪಂಪು ಓಡುವ ಫೆಬ್ರುವರಿ, ಮಾರ್ಚ್‌ನಲ್ಲಿ ಹೋದರೆ ಅವರಿಗೆ ಕೈ ಬಿಡುವಿರುವುದಿಲ್ಲ, ಅದರ ಮೊದಲೋ ಆಮೇಲೋ ಹೋಗಿ. ‘ಅಣ್ಣ, ಥ್ರೆಡ್ ಹೋಗಿದೆ, ಏನಾದರೂ ಮಾಡಿಕೊಡಿ’ ಎಂದಷ್ಟೇ ಹೇಳಬೇಡಿ. ಒಳಗೆ ಯಾವ ಥ್ರೆಡ್ ಬೇಕು (ಉದಾಹರಣೆಗೆ ಎಂ12×1.5), ಬೋಲ್ಟು ಎಷ್ಟು ಉದ್ದ, ತೂತಿನ ಸುತ್ತ ಎಷ್ಟು ಲೋಹ ಉಳಿದಿದೆ ಎಂದು ಅಳೆದು ಹೇಳಿ. ಬುಷ್ ಉಕ್ಕಿನದೋ ಹಿತ್ತಾಳೆಯದೋ ಇರಲಿ, ಹೊರಗೆ ಸಣ್ಣ ಪಿಚ್ಚಿನ ಥ್ರೆಡ್, ತಲೆಗೆ ತೆಳು ಕಾಲರ್ ಇರಲಿ. ಹೊರಥ್ರೆಡ್ಡಿಗೆ ಶಾಖ ತಡೆಯುವ ಕೆಂಪು ಲಾಕ್‌ಟೈಟ್ ಹಾಕಿ ಬಿಗಿದು ಒಂದು ರಾತ್ರಿ ಒಣಗಲು ಬಿಡಿ. ಕಾಲರಿನ ಮುಖ ಬೋಲ್ಟಿಗೆ ಲಂಬವಾಗಿ, ನುಣುಪಾಗಿ ಇರಬೇಕು, ಏಕೆಂದರೆ ಆಯಿಲ್ ತಡೆಯುವುದು ವಾಷರ್ ಮತ್ತು ಆ ಮುಖ.

ಸುತ್ತಲಿನ ಗೋಡೆ ತೆಳುವಾಗಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಟಿಗ್ ವೆಲ್ಡಿಂಗ್ (ಆರ್ಗಾನ್ ಅನಿಲ ಬಳಸುವ ವೆಲ್ಡಿಂಗ್) ಒಂದೇ ದಾರಿ. ಆಗ ಎಂಜಿನ್ ಬಿಚ್ಚಿ ಖಾಲಿ ಕೇಸನ್ನಷ್ಟೇ ಒಯ್ಯಿರಿ. ಆಯಿಲ್ ಹೀರಿದ ಎರಕದ ಮೇಲೆ ವೆಲ್ಡ್ ಗುಳ್ಳೆ ಗುಳ್ಳೆಯಾಗುತ್ತದೆ, ಆದ್ದರಿಂದ ಮೊದಲು ಚೆನ್ನಾಗಿ ತೊಳೆದು ಬಿಸಿ ಮಾಡಿ ಆಯಿಲ್ ಬಿಡಿಸಬೇಕು.

ಎಲ್ಲ ಮುಗಿದ ಮೇಲೆ ಹೊಸ ವಾಷರ್ ಹಾಕಿ, ಟಾರ್ಕ್ ನೋಡಿ ಬಿಗಿದು, ಆಯಿಲ್ ತುಂಬಿ, ಕೆಳಗೆ ಹಳೆಯ ಪೇಪರ್ ಹಾಸಿ ಎಂಜಿನ್ ಹತ್ತು ನಿಮಿಷ ಓಡಿಸಿ. ಬೆಳಿಗ್ಗೆ ಪೇಪರಿನ ಮೇಲೆ ಕಲೆ ಇದ್ದರೆ ಬೋಲ್ಟನ್ನು ಇನ್ನಷ್ಟು ಬಿಗಿಯಬೇಡಿ, ಬಿಚ್ಚಿ ವಾಷರಿನ ಮುಖವನ್ನೂ ಕಾಲರಿನ ಮುಖವನ್ನೂ ನೋಡಿ.